ನಾದದ ಕುಣಿಕೆಯೂ ಜೀವಂತ ವಾದ್ಯವೂ

ಇಂದಿನ ಗೃಹಸ್ಥನ ಮನೆಯಲ್ಲಿ ಬೇರೆ ಪದಾರ್ಥಗಳಿಗೆ ಕೊರತೆಯಿದ್ದರೂ ಇರಬಹುದು, ಸಂಗೀತಕ್ಕೆ ಮಾತ್ರ ಕೊರತೆಯಿಲ್ಲ. ಬೆಳಗಿನ ಸುಪ್ರಭಾತ ಮೊದಲುಗೊಂಡು ಇರುಳಿನ ಜೋಗುಳದವರೆಗೆ ಸಕಲವೂ ಅಂಗೈಯಗಲದ ಯಂತ್ರವೊಂದರಿಂದ ಹೊರಹೊಮ್ಮುತ್ತಿರುವುದು. ಹಿಂದೆ ವರ್ಷಕ್ಕೊಮ್ಮೆ ರಾಮನವಮಿಯ ಚಪ್ಪರದಲ್ಲಿ ಕೇಳಬೇಕಾಗಿದ್ದ ಕಛೇರಿಯನ್ನು ಈಗ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಲೇ ಕೇಳಬಹುದು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಹೀಗೆ ಕಿವಿಗೆ ಬೀಳುವ ನಾದವು ಎಲ್ಲಿ ಹುಟ್ಟಿತು, ಯಾರ ಕೈಯಿಂದ ಹುಟ್ಟಿತು ಎಂದು ವಿಚಾರಿಸುವವರು ವಿರಳ. ಸಂತೆಯಲ್ಲಿ ಅವರೆಕಾಯಿ ಕೊಳ್ಳುವಾಗ ಸೊಗಡನ್ನು ಮೂಸಿ ನೋಡಿಯೇ ಕೊಳ್ಳುವ ನಾವು, ಕಿವಿಯ ಆಹಾರದ ವಿಷಯದಲ್ಲಿ ಕೊಟ್ಟುದನ್ನು ಕೊಟ್ಟಂತೆಯೇ ಸ್ವೀಕರಿಸುತ್ತೇವೆ.

ಈ ಕಾಲದಲ್ಲಿ ಸಂಗೀತವನ್ನು ಸಿದ್ಧಪಡಿಸುವ ಮಾರ್ಗಗಳು ಮುಖ್ಯವಾಗಿ ಎರಡು. ಮೊದಲನೆಯದು ಹಳೆಯದು. ವಾದ್ಯಗಾರರು ಕುಳಿತು ನುಡಿಸುತ್ತಾರೆ. ಅವರು ನುಡಿಸಿದುದು ಮೊದಲಿನಿಂದ ಕೊನೆಯವರೆಗೆ ಮುದ್ರಿತವಾಗುತ್ತದೆ. ಎರಡನೆಯದು ಹೊಸದು. ವಾದ್ಯದ ಒಂದೆರಡು ಆವರ್ತದಷ್ಟು ನಾದವನ್ನು ಮಾತ್ರ ಮುದ್ರಿಸಿಕೊಂಡು, ಅದರ ತುದಿಯನ್ನು ಮೊದಲಿಗೆ ಜೋಡಿಸಿ, ಗಾಣದ ಎತ್ತಿನಂತೆ ಬೇಕಾದಷ್ಟು ಹೊತ್ತು ಸುತ್ತಿಸುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಲೂಪ್ ಎಂದು ಹೆಸರು. ಹಗ್ಗದ ಕುಣಿಕೆಗೂ ಆ ಭಾಷೆಯಲ್ಲಿ ಅದೇ ಹೆಸರಾದುದರಿಂದ ನಾವು ಇದನ್ನು ‘ನಾದದ ಕುಣಿಕೆ’ ಎಂದು ಕರೆಯೋಣ. ಹಾಡು ಐದು ನಿಮಿಷದ್ದಾದರೂ ಅದರಲ್ಲಿ ಮದ್ದಳೆಯವನು ನಿಜವಾಗಿ ನುಡಿಸಿದುದು ಐದು ಸೆಕೆಂಡು ಮಾತ್ರವಾಗಿರಬಹುದು. ಉಳಿದುದೆಲ್ಲ ಅದರದೇ ಪ್ರತಿಬಿಂಬ.

ಇವೆರಡರಲ್ಲಿ ಯಾವುದು ಮೇಲು ಎಂಬ ಚರ್ಚೆಯು ಸಂಗೀತಗಾರರಲ್ಲಿ ಬಹುದಿನಗಳಿಂದ ನಡೆದಿದೆ. ಕುಣಿಕೆಯಿಂದ ಕಟ್ಟಿದುದು ಸಂಗೀತವೇ ಅಲ್ಲವೆಂದು ಒಂದು ಪಕ್ಷ. ಕೇಳುವವನ ಕಿವಿಗೆ ಹಿತವಾದ ಮೇಲೆ ಹುಟ್ಟಿನ ವಿಚಾರವೇಕೆಂದು ಇನ್ನೊಂದು ಪಕ್ಷ. ಎರಡರಲ್ಲಿಯೂ ಅತಿರೇಕವುಂಟು. ಈ ಪ್ರಶ್ನೆಯು ಸಂಗೀತಗಾರರಿಗೆ ಮಾತ್ರ ಸಂಬಂಧಿಸಿದುದೂ ಅಲ್ಲ. ಮಕ್ಕಳಿಗೆ ಪಾಠ ಹೇಳಿಸುವ ತಾಯಂದಿರಿಗೆ, ಮದುವೆ ಮುಂಜಿಗಳಿಗೆ ವಾದ್ಯವನ್ನು ಗೊತ್ತುಮಾಡುವ ಯಜಮಾನರಿಗೆ, ಊರ ದೇವಸ್ಥಾನದ ಧರ್ಮದರ್ಶಿಗಳಿಗೆ ಇದು ಪ್ರತಿದಿನದ ಪ್ರಶ್ನೆಯಾಗಿದೆ. ಆದುದರಿಂದ ಇದರ ಪೂರ್ವಾಪರವನ್ನು ಕೊಂಚ ವಿಸ್ತಾರವಾಗಿಯೇ ನೋಡಬೇಕು.

ಆವರ್ತನೆಯು ನಮಗೆ ಹೊಸದಲ್ಲ

ಒಂದನ್ನೇ ಮರಳಿ ಮರಳಿ ನುಡಿಸುವುದು ದೋಷವೆಂದು ಹೇಳುವುದಾದರೆ, ನಮ್ಮ ಸಂಗೀತದ ಅರ್ಧಭಾಗವನ್ನೇ ಕೈಬಿಡಬೇಕಾದೀತು. ತಾಳವೆಂಬುದೇ ಒಂದು ಚಕ್ರ. ಆದಿತಾಳದ ಎಂಟು ಅಕ್ಷರಗಳು ಮುಗಿದೊಡನೆ ಮತ್ತೆ ಮೊದಲನೆಯ ಪೆಟ್ಟಿಗೆ ಬರಲೇಬೇಕು. ‘ಆವರ್ತ’ ಎಂಬ ಮಾತಿನ ಅರ್ಥವೇ ಸುತ್ತು.

ತಂಬೂರಿಯನ್ನು ನೋಡಿರಿ. ಪಂಚಮ, ಸಾರಣೆ, ಅನುಸಾರಣೆ, ಮಂದ್ರ ಎಂದು ನಾಲ್ಕೇ ತಂತಿಗಳು. ಎರಡು ಗಂಟೆಯ ಕಛೇರಿಯಲ್ಲಿ ತಂಬೂರಿ ಹಿಡಿದವರು ಈ ನಾಲ್ಕನ್ನೇ ಸಾವಿರಕ್ಕೂ ಮಿಕ್ಕಿ ಸಲ ಮೀಟುತ್ತಾರೆ. ಅದರಲ್ಲಿ ಹೊಸ ಸ್ವರವಿಲ್ಲ, ಕಲ್ಪನೆಯಿಲ್ಲ, ಚಮತ್ಕಾರವಿಲ್ಲ. ಆದರೂ ಗಾಯಕನ ಮಿಕ್ಕ ಕಲ್ಪನೆಯೆಲ್ಲವೂ ಅದರ ಆಧಾರದ ಮೇಲೆಯೇ ನಿಂತಿರುತ್ತದೆ.

ಧಾರವಾಡದ ಕಡೆ ಪ್ರಚಾರದಲ್ಲಿರುವ ಹಿಂದೂಸ್ತಾನಿ ಪದ್ಧತಿಯಲ್ಲಿ ಇನ್ನೂ ಸ್ಪಷ್ಟವಾದ ಉದಾಹರಣೆಯುಂಟು. ತಬಲಾವಾದಕನು ಒಬ್ಬನೇ ತನ್ನ ವಿದ್ಯೆಯನ್ನು ಪ್ರದರ್ಶಿಸುವಾಗ, ಅವನ ಪಕ್ಕದಲ್ಲಿ ಹಾರ್ಮೋನಿಯಮ್ಮಿನವರೋ ಸಾರಂಗಿಯವರೋ ಕುಳಿತು ಒಂದೇ ಒಂದು ಸಣ್ಣ ರಾಗಪಂಕ್ತಿಯನ್ನು ಅರ್ಧಗಂಟೆ, ಮುಕ್ಕಾಲು ಗಂಟೆ ಎಡೆಬಿಡದೆ ನುಡಿಸುತ್ತಾರೆ. ಇದಕ್ಕೆ ಲೆಹರಾ ಎಂದೂ ನಗಮಾ ಎಂದೂ ಹೆಸರು. ತೀನ್‌ತಾಲವಾದರೆ ಹದಿನಾರು ಮಾತ್ರೆಗೆ ಒಂದು ಸುತ್ತು. ಮುಗಿದರೆ ಮತ್ತೆ ಅದೇ. ಯಂತ್ರದ ಕುಣಿಕೆಯು ಮಾಡುವ ಕೆಲಸಕ್ಕೂ ಇದಕ್ಕೂ ಮೇಲುನೋಟಕ್ಕೆ ಯಾವ ಭೇದವೂ ತೋರದು.

ಆದರೆ ಭೇದವುಂಟು. ಲೆಹರಾ ನುಡಿಸುವವರ ಬೆರಳು ಒಂದೇ ದಾರಿಯಲ್ಲಿ ಸುತ್ತುತ್ತಿದ್ದರೂ ಅವರ ಕಣ್ಣು ತಬಲಾದವನ ಕೈಯ ಮೇಲಿರುತ್ತದೆ, ಕಿವಿಯು ಅವನ ಉಸಿರಿನ ಮೇಲಿರುತ್ತದೆ. ಅವನು ಕಠಿಣವಾದ ತಿಹಾಯಿಯೊಂದನ್ನು ಎತ್ತಿಕೊಂಡನೆಂದರೆ ಇವರು ಸ್ವರವನ್ನು ಕೊಂಚ ಒತ್ತಿ, ಸಮ್ ಎಲ್ಲಿದೆಯೆಂದು ತೋರುತ್ತಾರೆ. ಅವನು ಲಯವನ್ನೇರಿಸಿದರೆ ಇವರೂ ಏರುತ್ತಾರೆ. ಅವನು ಸ್ವಲ್ಪ ಜಾರಿದರೆ ಸಭೆಗೆ ತಿಳಿಯದಂತೆ ಎತ್ತಿಕೊಳ್ಳುತ್ತಾರೆ. ನುಡಿಸುವುದು ಅವರ ಕೆಲಸದಲ್ಲಿ ಅರ್ಧ ಮಾತ್ರ, ಕೇಳುವುದು ಮಿಕ್ಕರ್ಧ. ಕುಣಿಕೆಯಾದರೋ ನುಡಿಯಬಲ್ಲುದೇ ಹೊರತು ಕೇಳಲಾರದು. ಈ ಲೇಖನದಲ್ಲಿ ಮುಂದೆ ಹೇಳುವುದೆಲ್ಲವೂ ಈ ಒಂದು ಮಾತಿನ ವಿವರಣೆಯೆಂದು ವಾಚಕರು ಭಾವಿಸಬಹುದು.

ಕುಣಿಕೆಯ ಹುಟ್ಟು

ನಾದದ ಕುಣಿಕೆಯು ಗ್ರಾಮಫೋನಿನ ಒಂದು ಕುಂದಿನಿಂದ ಹುಟ್ಟಿತೆಂದರೆ ಆಶ್ಚರ್ಯವಾದೀತು. ಹಳೆಯ ಪ್ಲೇಟುಗಳನ್ನು ಕೇಳಿದವರಿಗೆ ಈ ಅನುಭವವುಂಟು: ಪ್ಲೇಟಿಗೆ ಗೀರು ಬಿದ್ದರೆ ಮುಳ್ಳು ಮುಂದಕ್ಕೆ ಸಾಗದೆ ಒಂದೇ ಗೆರೆಯಲ್ಲಿ ಸಿಕ್ಕಿಕೊಂಡು, ಹಾಡುವವರು ಒಂದೇ ಅಕ್ಷರವನ್ನು ಹೇಳಿದ್ದೇ ಹೇಳುತ್ತಿರುತ್ತಾರೆ. ಮನೆಯವರು ಎದ್ದು ಹೋಗಿ ಮುಳ್ಳನ್ನೆತ್ತಿ ಮುಂದಕ್ಕಿಡುವುದು ವಾಡಿಕೆ. ಪ್ಯಾರಿಸ್ ನಗರದಲ್ಲಿ ಫ್ರೆಂಚ್ ರೇಡಿಯೋದ ಎಂಜಿನಿಯರರಾಗಿದ್ದ ಪಿಯೇರ್ ಷೆಫರ್ ಎಂಬವರು ೧೯೪೮ರಲ್ಲಿ ಇದನ್ನೇ ಉದ್ದೇಶಪೂರ್ವಕವಾಗಿ ಮಾಡಿದರು. ಸುರುಳಿಯಾಗಿ ಒಳಕ್ಕೆ ಸಾಗಬೇಕಾದ ಗೆರೆಯನ್ನು ಅವರು ಮುಚ್ಚಿದ ವೃತ್ತವನ್ನಾಗಿ ಕೊರೆದರು. ನಿಮಿಷಕ್ಕೆ ೭೮ ಸುತ್ತು ತಿರುಗುವ ಪ್ಲೇಟಿನಲ್ಲಿ ಇಂತಹ ಒಂದು ಸುತ್ತಿಗೆ ಮುಕ್ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಹಿಡಿಯುತ್ತದೆ. ಅವರು ಪ್ಯಾರಿಸಿನ ಬಾತಿನ್ಯೋಲ್ ರೈಲು ನಿಲ್ದಾಣಕ್ಕೆ ಹೋಗಿ ಎಂಜಿನ್ನುಗಳ ಶಬ್ದವನ್ನು ಮುದ್ರಿಸಿಕೊಂಡು ಬಂದು, ಆ ಶಬ್ದಗಳನ್ನು ಹೀಗೆ ಸುತ್ತಿಸಿ ಜೋಡಿಸಿ ಒಂದು ರಚನೆಯನ್ನು ಮಾಡಿದರು. ಅದೂ ಅದರ ಸಂಗಡಿಗ ರಚನೆಗಳೂ ಆ ವರ್ಷದ ಅಕ್ಟೋಬರ್ ೫ರಂದು ರೇಡಿಯೋದಲ್ಲಿ ಪ್ರಸಾರವಾದುವು. ಗಾಲಿಯ ಸದ್ದನ್ನು ಒಂದು ಸಲ ಕೇಳಿದರೆ ಅದು ರೈಲು. ನಲವತ್ತು ಸಲ ಕೇಳಿದರೆ ರೈಲು ಮರೆತುಹೋಗಿ ಲಯವು ಉಳಿಯುತ್ತದೆ. ಷೆಫರರು ಕಂಡುಕೊಂಡ ರಹಸ್ಯವು ಇದೇ.

ಮುಂದೆ ಧ್ವನಿಮುದ್ರಣಕ್ಕೆ ಕಾಂತಪಟ್ಟಿಯು ಬಂದಿತು. ಇದರಲ್ಲಿ ಕುಣಿಕೆಯನ್ನು ಕಟ್ಟುವುದು ಇನ್ನೂ ಸುಲಭ. ಸೆಕೆಂಡಿಗೆ ೧೫ ಅಂಗುಲದಂತೆ ಪಟ್ಟಿಯು ಓಡುವುದಾದರೆ ನಾಲ್ಕು ಸೆಕೆಂಡಿನ ಆವರ್ತವೊಂದು ೬೦ ಅಂಗುಲ, ಎಂದರೆ ಐದು ಅಡಿ ಉದ್ದವಿರುತ್ತದೆ. ಆ ಐದಡಿಯನ್ನು ಕತ್ತರಿಸಿ, ಎರಡು ತುದಿಗಳನ್ನೂ ಅಂಟಿಸಿ, ಬಳೆಯಂತೆ ಮಾಡಿ ಯಂತ್ರಕ್ಕೆ ತೊಡಿಸಿದರಾಯಿತು; ವಿದ್ಯುತ್ತು ಇರುವವರೆಗೂ ಅದು ಸುತ್ತುತ್ತಿರುವುದು.

ಜನಪ್ರಿಯ ಸಂಗೀತದಲ್ಲಿ ಇದಕ್ಕೆ ಪ್ರಸಿದ್ಧವಾದ ನಿದರ್ಶನವು ೧೯೭೭ರದು. ಬೀ ಗೀಸ್ ಎಂಬ ಸೋದರರ ತಂಡವು ಫ್ರಾನ್ಸಿನ ಹಳೆಯ ಅರಮನೆಯೊಂದರಲ್ಲಿದ್ದ ಮುದ್ರಣಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ, ಅವರ ಡ್ರಮ್ ವಾದಕನಾದ ಡೆನ್ನಿಸ್ ಬ್ರಯನ್ ಎಂಬವನು ಮನೆಯ ಸಂಕಟದ ನಿಮಿತ್ತ ಊರಿಗೆ ತೆರಳಬೇಕಾಯಿತು. ‘ಸ್ಟೇಯಿಂಗ್ ಅಲೈವ್’ ಎಂಬ ಹಾಡಿಗೆ ತಾಳವಿಲ್ಲದೆ ಕೆಲಸ ನಿಂತಿತು. ಆಗ ಅವರ ಜೊತೆಯ ತಂತ್ರಜ್ಞರು, ಅದೇ ವಾದಕನು ಮೊದಲು ಬೇರೊಂದು ಹಾಡಿಗೆ ನುಡಿಸಿದ್ದ ಎರಡು ಆವರ್ತಗಳನ್ನು ಪಟ್ಟಿಯಿಂದ ಆರಿಸಿ ಕುಣಿಕೆ ಕಟ್ಟಿದರು. ಅದರ ಮೇಲೆ ಗಾಯನವನ್ನೂ ಇತರ ವಾದ್ಯಗಳನ್ನೂ ಜನರೇ ಹಾಡಿ ನುಡಿಸಿ ಸೇರಿಸಿದರು. ಹಾಡು ಲೋಕಪ್ರಸಿದ್ಧವಾಯಿತು. ಡ್ರಮ್ ನುಡಿಸಿದವರ ಹೆಸರೆಂದು ಅವರು ವಿನೋದಕ್ಕಾಗಿ ‘ಬರ್ನಾರ್ಡ್ ಲೂಪ್’ ಎಂದು ಅಚ್ಚುಹಾಕಿಸಿದರು. ಇಲ್ಲದ ಆ ಮನುಷ್ಯನನ್ನು ಹುಡುಕಿಕೊಂಡು ಬಂದವರೂ ಇದ್ದರೆಂದು ಹೇಳುತ್ತಾರೆ.

ಇಲ್ಲಿಂದ ಮುಂದಿನ ದಾರಿಯು ಬಹು ಬೇಗನೆ ಸಾಗಿತು. ೧೯೮೦ರಲ್ಲಿ ಅಮೆರಿಕದ ರೋಜರ್ ಲಿನ್ ಎಂಬವರು, ನಿಜವಾದ ಡ್ರಮ್ಮಿನ ಪೆಟ್ಟುಗಳನ್ನು ಒಳಗೆ ಶೇಖರಿಸಿಟ್ಟುಕೊಂಡು ಬೇಕಾದ ಕ್ರಮದಲ್ಲಿ ನುಡಿಯುವ ಪೆಟ್ಟಿಗೆಯೊಂದನ್ನು ಮಾರಾಟಕ್ಕೆ ತಂದರು. ಇದರಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪೆಟ್ಟುಗಳನ್ನೆಲ್ಲ ಗಡಿಯಾರದಂತೆ ಸಮನಾಗಿ ನಿಲ್ಲಿಸುವ ಏರ್ಪಾಟಿನ ಜೊತೆಗೆ, ಒಂದು ಬಿಟ್ಟು ಒಂದು ಪೆಟ್ಟನ್ನು ತುಸು ತಡಮಾಡುವ ಏರ್ಪಾಟನ್ನೂ ಅವರು ಅದರಲ್ಲಿರಿಸಿದರು. ಸಮತೆಯೊಂದೇ ಸಾಲದು, ತೂಗಾಟವೂ ಬೇಕು ಎಂಬುದು ಯಂತ್ರವನ್ನು ಮಾಡಿದವರಿಗೇ ಮೊದಲು ಹೊಳೆದಿತ್ತು.

ನಮ್ಮ ದೇಶದಲ್ಲಿಯೂ ಪದ್ಧತಿಯು ಬದಲಾಯಿತು. ಕನ್ನಡ ಚಿತ್ರಗೀತೆಗಳು ಬಹುಕಾಲ ಮದರಾಸಿನ ಮುದ್ರಣಾಲಯಗಳಲ್ಲಿ ತಯಾರಾಗುತ್ತಿದ್ದುವು. ಅಲ್ಲಿ ಗಾಯಕರೂ ಪಿಟೀಲು, ಕೊಳಲು, ತಬಲಾ ಮೊದಲಾದವುಗಳ ದೊಡ್ಡ ಮೇಳವೂ ಒಟ್ಟಿಗೆ ಕುಳಿತು ನುಡಿಸಬೇಕಾಗಿತ್ತು. ಒಬ್ಬನು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ ಪ್ರಾರಂಭಿಸಬೇಕು. ಹಲವು ಜಾಡುಗಳ ಮುದ್ರಣವು ಬಂದ ಮೇಲೆ ಒಬ್ಬೊಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಬಂದು ನುಡಿಸಿ ಹೋಗುವ ರೂಢಿಯಾಯಿತು. ೧೯೯೨ರಲ್ಲಿ ‘ರೋಜಾ’ ಎಂಬ ತಮಿಳು ಚಿತ್ರದ ಹಾಡುಗಳನ್ನು ಎ. ಆರ್. ರೆಹಮಾನರು ಮನೆಯ ಹಿತ್ತಿಲಿನ ತಮ್ಮ ಸ್ವಂತ ಮುದ್ರಣಾಲಯದಲ್ಲಿ ಗಣಕಯಂತ್ರದ ಸಹಾಯದಿಂದ ಸಿದ್ಧಪಡಿಸಿದ ಮೇಲಂತೂ ಹೊಸ ಮಾರ್ಗವು ರಾಜಮಾರ್ಗವಾಯಿತು. ಈಗ ಮೃದಂಗ, ಡೋಲು, ತಬಲಾ, ಯಾವುದರ ಕುಣಿಕೆ ಬೇಕಾದರೂ ಅಂಗಡಿಯ ಉಪ್ಪಿನಕಾಯಿಯಂತೆ ಸಿದ್ಧವಾಗಿಯೇ ದೊರೆಯುತ್ತದೆ.

ಕೈಯ ಗುಣ

ಹಾಗಾದರೆ ಯಂತ್ರವು ಅಷ್ಟೊಂದು ಸಮರ್ಥವಾಗಿರುವಲ್ಲಿ ಮನುಷ್ಯನ ಕೈಯಲ್ಲಿ ಉಳಿದಿರುವ ವಿಶೇಷವೇನು? ಇದಕ್ಕೆ ಭಾವುಕತೆಯಿಂದ ಉತ್ತರ ಹೇಳಬೇಕಾದುದಿಲ್ಲ. ಶಾಸ್ತ್ರಜ್ಞರೇ ಉತ್ತರವನ್ನು ಹುಡುಕಿದ್ದಾರೆ.

ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಸೇರಿಸುವ ನೂಲಿನೆಳೆಗೆ ‘ಜೀವಾಳ’ವೆಂದು ಹೆಸರು. ಈ ಎಳೆಯಿಲ್ಲದಿದ್ದರೆ ತಂತಿಯು ‘ಟಣ್’ ಎಂದು ನುಡಿದು ಸುಮ್ಮನಾಗುತ್ತದೆ. ಎಳೆಯು ಸರಿಯಾದ ಸ್ಥಾನದಲ್ಲಿ ಕೂತರೆ ನಾದವು ಜೇನಿನಂತೆ ಹರಡುತ್ತದೆ. ಸರ್ ಸಿ. ವಿ. ರಾಮನ್ನರು ಕಲ್ಕತ್ತೆಯಲ್ಲಿದ್ದಾಗ ತಂಬೂರಿ ಮತ್ತು ವೀಣೆಯ ಕುದುರೆಗಳನ್ನು ಪರೀಕ್ಷಿಸಿ ೧೯೨೧ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ತಂತಿಯು ಅಗಲವಾದ ಬಾಗಿದ ಕುದುರೆಯನ್ನು ಸೋಂಕುತ್ತ ಕಂಪಿಸುವುದರಿಂದ, ಸಾಮಾನ್ಯ ನಿಯಮದಂತೆ ಹುಟ್ಟಬಾರದಾದ ಅನುಸ್ವರಗಳೂ ಹುಟ್ಟುತ್ತವೆಂದು ಅವರು ತೋರಿಸಿದರು. ಈ ಎಳೆಯನ್ನು ಕೂದಲೆಳೆಯಷ್ಟು ಸರಿಸಿದರೆ ನಾದವೇ ಬೇರೆಯಾಗುವುದು. ಹವೆಯು ತಂಪಾದರೆ, ಸಭೆಯಲ್ಲಿ ಜನ ತುಂಬಿ ಸೆಕೆಯಾದರೆ, ಮತ್ತೆ ಸರಿಸಬೇಕು. ತಂಬೂರಿ ಹಿಡಿದವರು ಕುಳಿತಲ್ಲಿಯೇ ಕಿವಿಗೊಟ್ಟು ಇದನ್ನು ಗಮನಿಸುತ್ತಿರಬೇಕಾಗುತ್ತದೆ. ಹೀಗೆ ಸಾವಿರ ಸಲ ಮೀಟಿದರೂ ಒಂದು ಮೀಟು ಇನ್ನೊಂದರ ಪಡಿಯಚ್ಚಾಗಿರುವುದಿಲ್ಲ.

ಲಯದ ವಿಷಯದಲ್ಲಿಯೂ ಇಂತಹುದೇ ಸಂಗತಿಯೊಂದು ತಿಳಿದುಬಂದಿದೆ. ಜರ್ಮನಿಯ ಗಟಿಂಗನ್ ನಗರದ ಭೌತವಿಜ್ಞಾನಿ ಹೋಲ್ಗರ್ ಹೆನ್ನಿಗ್ ಮತ್ತು ಅವರ ಸಹೋದ್ಯೋಗಿಗಳು, ಘಾನಾ ದೇಶದ ನುರಿತ ವಾದಕನೊಬ್ಬನು ಲಯಸೂಚಕ ಯಂತ್ರದೊಡನೆ ನುಡಿಸಿದ ಪೆಟ್ಟುಗಳನ್ನು ಅಳೆದು ೧೯೧೧ರ ನೂರು ವರ್ಷದ ತರುವಾಯ, ಎಂದರೆ ೨೦೧೧ರಲ್ಲಿ, ಫಲಿತಾಂಶವನ್ನು ಪ್ರಕಟಿಸಿದರು. ಎಷ್ಟು ನುರಿತ ಕೈಯಾದರೂ ಯಂತ್ರದ ಪೆಟ್ಟಿಗಿಂತ ಸೆಕೆಂಡಿನ ನೂರನೆಯ ಒಂದೆರಡು ಭಾಗದಷ್ಟು ಹಿಂದೆಯೋ ಮುಂದೆಯೋ ಬೀಳುತ್ತಿತ್ತು. ಇದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವೇನೆಂದರೆ, ಈ ಹಿಂದುಮುಂದುಗಳು ಗಾಳಿಗೆ ಚೆದರಿದ ಹೊಟ್ಟಿನಂತೆ ಅಡ್ಡಾದಿಡ್ಡಿಯಾಗಿರಲಿಲ್ಲ. ಈಗಿನ ಪೆಟ್ಟಿನ ಓಲಾಟಕ್ಕೂ ಬಹಳ ಹಿಂದಿನ ಪೆಟ್ಟುಗಳ ಓಲಾಟಕ್ಕೂ ಸಂಬಂಧವಿತ್ತು; ಕೈಗೆ ತನ್ನ ನಡಿಗೆಯ ನೆನಪಿತ್ತು. ಅದೇ ಸಂಗೀತಕ್ಕೆ ಯಂತ್ರದಿಂದ ಎರಡು ಬಗೆಯ ಓಲಾಟಗಳನ್ನು ಸೇರಿಸಿ ಕೇಳಿಸಿದಾಗ, ಕೇಳುಗರು ಅಡ್ಡಾದಿಡ್ಡಿಯಾದುದಕ್ಕಿಂತ ಈ ನೆನಪುಳ್ಳ ಓಲಾಟವನ್ನೇ ಹೆಚ್ಚು ಮೆಚ್ಚಿದರು. ನಾವು ಲೋಕಾರೂಢಿಯಲ್ಲಿ ‘ಕೈಗುಣ’ ಎನ್ನುವುದು ಬರಿಯ ಮಾತಲ್ಲವೆಂದು ಇದರಿಂದ ತಿಳಿಯಬಹುದು.

ಇನ್ನು ಲೆಕ್ಕಕ್ಕೆ ನಿಲುಕದ ಗುಣವೊಂದುಂಟು. ಮದುವೆಯ ಮಂಟಪದಲ್ಲಿ ಮಾಂಗಲ್ಯಧಾರಣದ ಕ್ಷಣವು ಬಂದಾಗ ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ’ ಎನ್ನುತ್ತಾರೆ. ಆವರೆಗೆ ಸಾವಧಾನವಾಗಿ ನುಡಿಯುತ್ತಿದ್ದ ಓಲಗವು ಆ ಕ್ಷಣದಲ್ಲಿಯೇ ಭೋರ್ಗರೆಯುತ್ತದೆ. ಸೀನಿದ ಸದ್ದು, ಅಪಶಬ್ದ, ಯಾವುದೂ ಕೇಳದಂತೆ ಆ ನಾದವು ವಧೂವರರನ್ನು ಆವರಿಸುತ್ತದೆ. ಗಂಟು ಹಾಕುವ ಕೈ ನಡುಗಿ ಒಂದು ನಿಮಿಷ ಹೆಚ್ಚಾದರೆ ಗಟ್ಟಿಮೇಳವೂ ಒಂದು ನಿಮಿಷ ಹೆಚ್ಚು ನಡೆಯುವುದು. ಯಂತ್ರದಿಂದ ಓಲಗವನ್ನು ಹಾಕುವವರ ಮನೆಯಲ್ಲಿ, ಯಾರೋ ಒಬ್ಬರು ಗುಂಡಿಯ ಬಳಿ ಕಾದು ನಿಂತಿದ್ದು ಆ ಕ್ಷಣದಲ್ಲಿ ತಡವರಿಸುವುದು ವಿರಳವಲ್ಲ.

ಭರತನಾಟ್ಯದ ವೇದಿಕೆಯಲ್ಲಿಯೂ ಹೀಗೆಯೇ. ಹುಡುಗಿಯು ಗಾಬರಿಯಿಂದ ಒಂದು ಜತಿಯನ್ನು ಮರೆತರೆ, ನಟ್ಟುವಾಂಗದವರೂ ಮೃದಂಗದವರೂ ಒಂದು ಆವರ್ತ ಕಾದು ಅವಳನ್ನು ಕೈಹಿಡಿದು ಕರೆದುತರುತ್ತಾರೆ. ಮುದ್ರಿತ ಹಾಡಿಗೆ ಕುಣಿಯುವ ಹುಡುಗಿಗೆ ಆ ಆಶ್ರಯವಿಲ್ಲ. ಯಕ್ಷಗಾನದಲ್ಲಿ ವೇಷಧಾರಿಯ ಹೆಜ್ಜೆಯನ್ನು ನೋಡಿಯೇ ಚೆಂಡೆಯ ಪೆಟ್ಟು ಬೀಳುವುದು; ಅಲ್ಲಿ ಕುಣಿಕೆಯನ್ನಿರಿಸಿದರೆ ಆಟವೇ ಇಲ್ಲ.

ಇಲ್ಲೊಂದು ಆಕ್ಷೇಪಣೆಯು ಬರಬಹುದು. ಮೊದಲಿನಿಂದ ಕೊನೆಯವರೆಗೆ ಜನರೇ ನುಡಿಸಿದ ಹಾಡಾದರೂ, ಮುದ್ರಿತವಾದ ಮೇಲೆ ಅದೂ ನಮ್ಮನ್ನು ಕೇಳಲಾರದಷ್ಟೆ? ನಿಜ. ಆದರೆ ನುಡಿಸಿದ ಆ ಹೊತ್ತಿನಲ್ಲಿ ಅವರು ಪರಸ್ಪರ ಕೇಳುತ್ತಿದ್ದರು. ಕೊಳಲಿನವನು ಉಸಿರೆಳೆದುಕೊಂಡುದನ್ನು ಕಂಡು ತಬಲಾದವನು ಪೆಟ್ಟನ್ನು ಮೃದುಮಾಡಿದುದು, ಚರಣದ ಕೊನೆಯಲ್ಲಿ ಗಾಯಕಿಯು ನಿಧಾನಿಸಿದಾಗ ಇಡೀ ಮೇಳವು ಅವಳೊಡನೆ ನಿಧಾನಿಸಿದುದು, ಇದೆಲ್ಲವೂ ಪ್ಲೇಟಿನಲ್ಲಿ ಉಳಿದಿರುತ್ತದೆ. ನಾವು ಕೇಳುವುದು ಅವರು ಕೇಳಿಕೊಂಡುದರ ಗುರುತನ್ನು. ಹಳೆಯ ಹಾಡುಗಳಲ್ಲಿ ಅಲ್ಲಲ್ಲಿ ಗರಗರ ಶಬ್ದವಿದ್ದರೂ ಅವು ಆಪ್ತವೆನಿಸುವುದಕ್ಕೆ ಇದು ಮುಖ್ಯ ಕಾರಣವೆನ್ನಬಹುದು.

ಕುಣಿಕೆಯ ಉಪಕಾರ

ಇಷ್ಟು ಹೇಳಿದ ಮಾತ್ರಕ್ಕೆ ಯಂತ್ರವನ್ನು ಮನೆಯಿಂದ ಹೊರಹಾಕಬೇಕೆಂದು ಅರ್ಥವಲ್ಲ. ಸಾಧನವನ್ನು ಆತುರದಿಂದ ಬಹಿಷ್ಕರಿಸಿದುದರ ಫಲವನ್ನು ನಮ್ಮ ದೇಶವು ಒಮ್ಮೆ ಕಂಡಿದೆ. ಗಮಕಕ್ಕೆ ಒಗ್ಗದ ಪರದೇಶದ ವಾದ್ಯವೆಂದು ಹಾರ್ಮೋನಿಯಮ್ಮನ್ನು ಅಖಿಲ ಭಾರತ ರೇಡಿಯೋದವರು ೧೯೪೦ರಲ್ಲಿ ನಿಷೇಧಿಸಿದರು. ಆ ನಿರ್ಬಂಧವು ಸಡಿಲವಾದುದು ೧೯೭೧ರಲ್ಲಿ. ಅಷ್ಟು ವರ್ಷಗಳಲ್ಲಿ ಹಾರ್ಮೋನಿಯಮ್ಮು ರೇಡಿಯೋದಿಂದ ದೂರವಿದ್ದಿತೇ ಹೊರತು ನಮ್ಮ ನಾಟಕ ಕಂಪನಿಗಳಿಂದಲೂ ಭಜನಮಂಡಲಿಗಳಿಂದಲೂ ದೂರವಾಗಲಿಲ್ಲ. ಜನಕ್ಕೆ ಉಪಯೋಗವಾದುದು ಆಜ್ಞೆಯಿಂದ ಹೋಗುವುದಿಲ್ಲ.

ಶ್ರುತಿಪೆಟ್ಟಿಗೆಯ ಉಪಯೋಗವನ್ನಂತೂ ಅಲ್ಲಗಳೆಯುವಂತಿಲ್ಲ. ವಿದ್ಯುತ್ತಿನ ತಂಬೂರಿಯನ್ನು ಬೆಂಗಳೂರಿನಲ್ಲಿ ೧೯೭೦ರ ದಶಕದಲ್ಲಿ ರೂಪಿಸಿದ ಜಿ. ರಾಜನಾರಾಯಣರು ಎಂಜಿನಿಯರರೂ ಕೊಳಲುವಾದಕರೂ ಆಗಿದ್ದರು. ಸಂಗೀತಗಾರನ ಕಷ್ಟವು ಸಂಗೀತಗಾರನಿಗೇ ತಿಳಿದುದರಿಂದ ಆ ಯಂತ್ರವು ಹುಟ್ಟಿತು. ತಂಬೂರಿಯ ಬುರುಡೆಯನ್ನು ರೈಲಿನಲ್ಲಿ ಒಡೆಯದಂತೆ ಸಾಗಿಸುವ ಪಾಡನ್ನು ಬಲ್ಲವರು ಇದರ ಉಪಕಾರವನ್ನು ಮರೆಯಲಾರರು. ಮನೆಗೆಲಸದ ನಡುವೆ ಅರ್ಧಗಂಟೆ ಬಿಡುವು ಮಾಡಿಕೊಂಡು ಹಾಡಿಕೊಳ್ಳುವ ಗೃಹಿಣಿಗೆ ತಂಬೂರಿ ಮೀಟಲು ಯಾರು ಕೂರುತ್ತಾರೆ? ತಬಲಾ ಕಲಿಯುವ ಹಳ್ಳಿಯ ಹುಡುಗನಿಗೆ ಪ್ರತಿದಿನವೂ ಲೆಹರಾ ನುಡಿಸುವವರು ಎಲ್ಲಿ ಸಿಕ್ಕುತ್ತಾರೆ? ಇವರಿಗೆಲ್ಲ ಯಂತ್ರವು ಬೇಸರಪಡದ ಜೊತೆಗಾರ.

ಆದರೆ ಜೊತೆಗಾರನು ಗುರುವಲ್ಲ. ಮಕ್ಕಳನ್ನು ಯಂತ್ರದ ಜೊತೆಯಲ್ಲಿಯೇ ಬೆಳೆಸಿದರೆ ಎರಡು ನಷ್ಟಗಳುಂಟು. ಮೊದಲನೆಯದಾಗಿ, ತಂಬೂರಿಯ ಬಿರಡೆಯನ್ನು ತಿರುಗಿಸಿ, ಮಣಿಯನ್ನು ಸರಿಸಿ, ಶ್ರುತಿ ಕೂಡಿತೋ ಇಲ್ಲವೋ ಎಂದು ಆಲಿಸುವ ಹತ್ತು ನಿಮಿಷವೇ ಕಿವಿಗೆ ದೊರೆಯುವ ಮೊದಲ ಪಾಠ. ಗುಂಡಿ ಒತ್ತಿದೊಡನೆ ಶುದ್ಧ ಶ್ರುತಿ ಬಂದರೆ ಆ ಪಾಠವು ತಪ್ಪಿಹೋಗುತ್ತದೆ. ಎರಡನೆಯದಾಗಿ, ಯಂತ್ರದ ತಾಳಕ್ಕೆ ಹಾಡುವ ಮಗುವು ಹಿಂಬಾಲಿಸುವುದನ್ನು ಮಾತ್ರ ಕಲಿಯುತ್ತದೆ. ಒಂದು ದಿನ ಪಿಟೀಲಿನವರ ಮತ್ತು ಮೃದಂಗದವರ ನಡುವೆ ಕುಳಿತಾಗ, ತನ್ನನ್ನು ಅವರು ಹಿಂಬಾಲಿಸುತ್ತಿರುವರೆಂದೂ ತಾನೂ ಅವರ ಕಡೆ ತಿರುಗಿ ನೋಡಬೇಕೆಂದೂ ಅದಕ್ಕೆ ತೋಚುವುದೇ ಇಲ್ಲ.

ಕೂಲಿಯ ಮತ್ತು ಹೆಸರಿನ ಪ್ರಶ್ನೆ

ಇದುವರೆಗೆ ನಾದದ ಮಾತಾಯಿತು. ನಾದವನ್ನು ಹುಟ್ಟಿಸಿದವರ ಮಾತು ಇನ್ನೂ ಉಳಿದಿದೆ. ಪ್ರತಿಯೊಂದು ಕುಣಿಕೆಯ ಹಿಂದೆಯೂ, ಅದನ್ನು ಒಮ್ಮೆಯಾದರೂ ನುಡಿಸಿದ ಮನುಷ್ಯನೊಬ್ಬನಿರುತ್ತಾನೆಂಬುದನ್ನು ನಾವು ಮರೆಯುತ್ತೇವೆ.

ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ವಿನ್‌ಸ್ಟನ್ಸ್ ಎಂಬ ಸಣ್ಣ ತಂಡವೊಂದಿತ್ತು. ೧೯೬೯ರಲ್ಲಿ ಅವರು ಹೊರತಂದ ಪ್ಲೇಟಿನ ಹಿಂಬದಿಯಲ್ಲಿ ‘ಆಮೆನ್, ಬ್ರದರ್’ ಎಂಬ ವಾದ್ಯಗೀತವಿತ್ತು. ಅದರ ನಡುವೆ ಉಳಿದೆಲ್ಲ ವಾದ್ಯಗಳೂ ನಿಂತು, ಗ್ರೆಗರಿ ಕೋಲ್ಮನ್ ಎಂಬ ವಾದಕನು ಒಬ್ಬನೇ ನಾಲ್ಕು ಆವರ್ತ ಡ್ರಮ್ ನುಡಿಸುತ್ತಾನೆ. ಎಲ್ಲ ಸೇರಿ ಏಳು ಸೆಕೆಂಡಿಗೆ ಮೀರದು. ೧೯೮೦ರ ದಶಕದಲ್ಲಿ, ಪ್ಲೇಟಿನಿಂದ ತುಣುಕನ್ನು ಎತ್ತಿಕೊಳ್ಳುವ ಯಂತ್ರಗಳು ಬಂದ ಮೇಲೆ, ಆ ಏಳು ಸೆಕೆಂಡುಗಳನ್ನು ಒಬ್ಬರ ತರುವಾಯ ಒಬ್ಬರು ಕುಣಿಕೆಯಾಗಿ ಕಟ್ಟಿಕೊಂಡರು. ಇಂಗ್ಲೆಂಡಿನಲ್ಲಿ ‘ಜಂಗಲ್’ ಎಂಬ ಸಂಗೀತದ ಪ್ರಕಾರವೊಂದು ಬಹುಮಟ್ಟಿಗೆ ಅದರ ಮೇಲೆಯೇ ನಿಂತಿತು. ಇಂದಿನವರೆಗೆ ಸಾವಿರಾರು ಹಾಡುಗಳಲ್ಲಿ ಆ ಪೆಟ್ಟುಗಳು ಬಳಕೆಯಾಗಿವೆ. ತಂಡದ ಮುಖಂಡನಾದ ರಿಚರ್ಡ್ ಸ್ಪೆನ್ಸರನಿಗೆ ಈ ಸಂಗತಿಯು ತಿಳಿದುದೇ ೧೯೯೬ರಲ್ಲಿ. ಅಷ್ಟರಲ್ಲಿ ಹಕ್ಕು ಕೇಳುವ ಕಾಲವು ಕಳೆದಿತ್ತು. ೨೦೧೫ರಲ್ಲಿ ಸಂಗೀತಾಭಿಮಾನಿಗಳು ತಾವಾಗಿ ಚಂದಾ ಎತ್ತಿ ಸುಮಾರು ೨೪,೦೦೦ ಪೌಂಡುಗಳನ್ನು ಅವನಿಗೆ ಒಪ್ಪಿಸಿದರು. ಆದರೆ ಪೆಟ್ಟು ಹಾಕಿದ ಕೋಲ್ಮನ್ ಆಗ ಬದುಕಿರಲಿಲ್ಲ. ಅವನು ೨೦೦೬ರಲ್ಲಿ ಮನೆಮಠವಿಲ್ಲದೆ, ದಾರಿದ್ರ್ಯದಲ್ಲಿ ತೀರಿಕೊಂಡಿದ್ದನು. ಲೋಕವೆಲ್ಲ ಕುಣಿದ ಪೆಟ್ಟಿಗೆ ಅವನಿಗೆ ದೊರೆತ ಪ್ರತಿಫಲವು ಶೂನ್ಯ.

ನಮ್ಮ ದೇಶದ ಗ್ರಂಥಸ್ವಾಮ್ಯದ ಕಾಯಿದೆಯಲ್ಲಿ ೧೯೯೪ರ ತಿದ್ದುಪಡಿಯು ಹಾಡುವವರಿಗೂ ನುಡಿಸುವವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕನ್ನು ಮೊದಲು ಒಪ್ಪಿತು. ೨೦೧೨ರ ತಿದ್ದುಪಡಿಯು ಆ ಹಕ್ಕನ್ನು ವಿಸ್ತರಿಸಿ ವಾಣಿಜ್ಯದ ಬಳಕೆಯಿಂದ ಬರುವ ಪ್ರತಿಫಲದಲ್ಲಿ ಅವರಿಗೆ ಪಾಲನ್ನು ಹೇಳಿತು. ಇದು ಸ್ತುತ್ಯವಾದ ಕ್ರಮ. ಆದರೆ ಒಂದು ಮಧ್ಯಾಹ್ನ ಕರೆಸಿ, ಹತ್ತು ಬಗೆಯ ನಡೆಗಳನ್ನು ನುಡಿಸಿಕೊಂಡು, ಒಂದೇ ಸಲದ ಕೂಲಿ ಕೊಟ್ಟು ಕಳುಹಿಸಿದ ಡೋಲಿನವನ ಕೈ ಯಾವ ಯಾವ ಹಾಡಿನಲ್ಲಿ ಸುತ್ತುತ್ತಿದೆಯೆಂದು ಪತ್ತೆಹಚ್ಚುವವರು ಯಾರು?

ನಮ್ಮ ಊರುಗಳಲ್ಲಿ ಈ ಪ್ರಶ್ನೆಯು ಕಣ್ಣೆದುರಿಗೇ ಇದೆ. ಅನೇಕ ದೇವಸ್ಥಾನಗಳಲ್ಲಿ ಮಂಗಳಾರತಿಯ ಹೊತ್ತಿಗೆ ನಗಾರಿ, ಜಾಗಟೆ, ಗಂಟೆಗಳನ್ನು ವಿದ್ಯುತ್ತಿನ ಯಂತ್ರವೊಂದು ಬಾರಿಸುತ್ತದೆ. ಗುಂಡಿ ಒತ್ತಿದರೆ ಶಬ್ದ, ಬಿಟ್ಟರೆ ಮೌನ. ಯಂತ್ರಕ್ಕೆ ಸಂಬಳವಿಲ್ಲ, ಸೂತಕವಿಲ್ಲ, ತಡವಾಗಿ ಬಂದೆನೆಂಬ ನೆವವಿಲ್ಲವೆಂದು ಅದನ್ನು ತಂದವರು ಹೇಳುತ್ತಾರೆ. ಆ ಕಾರಣಗಳು ಸುಳ್ಳೆಂದು ಹೇಳಲಾಗದು. ಆದರೆ ತಂದೆಯಿಂದ ಮಗನಿಗೆ ಬಂದ ಮೌರಿ, ಡೋಲುಗಳ ವಿದ್ಯೆಯು ದೇವಸ್ಥಾನದ ಸೇವೆಯಿಂದಲೂ ಮದುವೆಯ ಸಂಭ್ರಮದಿಂದಲೂ ಬದುಕಿದುದು. ಈ ಎರಡು ಬಾಗಿಲುಗಳೂ ಮುಚ್ಚಿದರೆ ಆ ವಿದ್ಯೆಗೆ ಮೂರನೆಯ ಬಾಗಿಲಿಲ್ಲ. ಮುಂದೆ ಕುಣಿಕೆ ಕಟ್ಟುವವರಿಗೂ ಮುದ್ರಿಸಿಕೊಳ್ಳುವುದಕ್ಕೆ ಜೀವಂತವಾದ ಕೈಗಳು ಬೇಕಷ್ಟೆ. ಬಿತ್ತನೆಯ ಬೀಜವನ್ನೇ ಬೇಯಿಸಿ ಉಂಡವರಿಗೆ ಮುಂದಿನ ವರ್ಷದ ಬೆಳೆಯೆಲ್ಲಿ?

ಗೃಹಸ್ಥರು ಮಾಡಬಹುದಾದುದು

ಹೀಗಿರುವಲ್ಲಿ ಮನೆಯ ಮಟ್ಟದಲ್ಲಿ ನಾವು ಅನುಸರಿಸಬಹುದಾದ ಮಾರ್ಗವು ಕಷ್ಟವಾದುದೇನೂ ಅಲ್ಲ. ಒಬ್ಬರೇ ಅಭ್ಯಾಸ ಮಾಡುವಾಗ ಯಂತ್ರವನ್ನು ನಿಸ್ಸಂಕೋಚವಾಗಿ ಬಳಸಬಹುದು. ಅಲ್ಲಿ ಕೇಳಬೇಕಾದವರು ನಾವೇ. ಯಂತ್ರವು ಕೇಳದಿದ್ದರೆ ನಷ್ಟವಿಲ್ಲ. ಆದರೆ ಮಗುವು ಸಂಗೀತವನ್ನು ಕಲಿಯುತ್ತಿದ್ದರೆ, ವಾರಕ್ಕೊಂದು ದಿನವಾದರೂ ನಿಜವಾದ ತಂಬೂರಿಯನ್ನು ತಾನೇ ಶ್ರುತಿಮಾಡಲಿ; ಅಣ್ಣ ತಾಳ ಹಾಕಲಿ, ತಂಗಿ ಹಾಡಲಿ. ತಪ್ಪಿದರೆ ಒಬ್ಬರನ್ನೊಬ್ಬರು ನೋಡಿ ನಗಲಿ. ಜೊತೆಗೂಡಿ ತಪ್ಪುವುದೂ ಜೊತೆಗೂಡಿ ಸರಿಪಡಿಸಿಕೊಳ್ಳುವುದೂ ಸಂಗೀತದ ಪಾಠವೇ.

ಹಾಡನ್ನು ಕೇಳುವಾಗ ಒಂದು ಸಣ್ಣ ಪರೀಕ್ಷೆಯನ್ನು ಮಾಡಿ ನೋಡಿರಿ. ಗಾಯನವನ್ನು ಮರೆತು ತಾಳವಾದ್ಯವನ್ನೊಂದನ್ನೇ ಹಿಂಬಾಲಿಸಿರಿ. ಪಲ್ಲವಿಯಲ್ಲಿ ಬಿದ್ದ ಪೆಟ್ಟೂ ಎರಡನೆಯ ಚರಣದ ಪೆಟ್ಟೂ ಗಾತ್ರದಲ್ಲಿ, ಬಣ್ಣದಲ್ಲಿ ಒಂದೇ ಆಗಿದ್ದರೆ ಅದು ಕುಣಿಕೆ. ಚರಣದಿಂದ ಚರಣಕ್ಕೆ ಪೆಟ್ಟು ಬಾಗಿದರೆ, ಹಾಡುವವರು ಉಸಿರೆಳೆದುಕೊಂಡಲ್ಲಿ ತಾನೂ ತುಸು ತಗ್ಗಿದರೆ, ಅಲ್ಲೊಬ್ಬ ಮನುಷ್ಯನು ಕುಳಿತಿದ್ದಾನೆ. ಹತ್ತು ದಿನ ಹೀಗೆ ಕೇಳಿದರೆ ಮಕ್ಕಳು ಕೂಡ ಗುರುತಿಸಬಲ್ಲವರಾಗುತ್ತಾರೆ. ಕುಣಿಕೆಯೆಂದು ತಿಳಿದ ಮಾತ್ರಕ್ಕೆ ಆ ಹಾಡನ್ನು ತಳ್ಳಬೇಕಾದುದಿಲ್ಲ. ಏನನ್ನು ಕೇಳುತ್ತಿದ್ದೇವೆಂದು ತಿಳಿದು ಕೇಳಿದರೆ ಸಾಕು.

ಮನೆಯಲ್ಲಿ ಶುಭಕಾರ್ಯವು ನಡೆಯುವಾಗ ಮಾತ್ರ ವಾದ್ಯವನ್ನು ಖರ್ಚಿನ ಪಟ್ಟಿಯ ಕೊನೆಗೆ ತಳ್ಳಬಾರದು. ಚಪ್ಪರದ ದೀಪಗಳಲ್ಲಿ ಒಂದು ಸಾಲನ್ನೋ, ಊಟದ ಎಲೆಯಲ್ಲಿ ಒಂದು ಭಕ್ಷ್ಯವನ್ನೋ ಕಡಿಮೆ ಮಾಡಿದರೂ ಅತಿಥಿಗಳು ಗಮನಿಸಲಾರರು. ಊರಿನ ಓಲಗದವರನ್ನು ಮುಂಚಿತವಾಗಿ ಕರೆದು, ಎಲೆಯಡಿಕೆ ಕೊಟ್ಟು ಗೊತ್ತುಮಾಡಿರಿ. ಕೆಲಸ ಮುಗಿದ ಮೇಲೆ ಅವರನ್ನು ಕೊನೆಯ ಪಂಕ್ತಿಗೆ ಕಾಯಿಸದೆ ಊಟಕ್ಕೆ ಕೂರಿಸಿರಿ. ಹೊರಡುವಾಗ ಸಂಭಾವನೆಯ ಜೊತೆಗೆ, ಈ ದಿನ ನಿಮ್ಮ ಕಾಂಬೋದಿ ಚೆನ್ನಾಗಿತ್ತೆಂದು ಒಂದು ಮಾತನ್ನೂ ಹೇಳಿ ಕಳುಹಿಸಿರಿ. ಅವರು ನಮ್ಮನ್ನು ಇಡೀ ದಿನ ಕೇಳುತ್ತಿದ್ದರಷ್ಟೆ. ನಾವೂ ಅವರನ್ನು ಕೇಳಿದೆವೆಂದು ಅವರಿಗೆ ತಿಳಿಯುವುದು ನ್ಯಾಯ.